ಬಿಡುಗಡೆಯ ಋಣ

ಬೈಲಹೊಂಗಲದಲ್ಲಿ ಕಿತ್ತೂರು ರಾಣಿ ಚೆನ್ನಮ್ಮನ ಸಮಾಧಿಯಿದೆ. ಊರಿಗೆ ಬಂದ ಬೀಗರನ್ನು, ಪರಸ್ಥಳದ ಗೆಳೆಯರನ್ನು ಅಲ್ಲಿಗೆ ಕರೆದೊಯ್ದು ತೋರಿಸುವುದು ನಮ್ಮವರ ವಾಡಿಕೆ. ನಾನು ಮೊದಲ ಸಲ ಅಲ್ಲಿಗೆ ಹೋದದ್ದು ನಮ್ಮ ಆಯಿಯ ಬೆರಳು ಹಿಡಿದು. ಅಜ್ಜಿಯನ್ನು ನಮ್ಮ ಮನೆಯಲ್ಲಿ ಹಾಗೆಯೇ ಕರೆಯುತ್ತಿದ್ದೆವು. ಉಳಿದವರೆಲ್ಲ ರಾಣಿಯ ಕತ್ತಿ, ಕುದುರೆ, ಥ್ಯಾಕರೆ ಸಾಹೇಬನ ಸಾವು ಇವುಗಳ ಕಥೆಯನ್ನು ರಸವತ್ತಾಗಿ ಹೇಳಿದರೆ ಆಯಿಯ ಮಾತೇ ಬೇರೆ. ಸಮಾಧಿಗೆ ಕೈಮುಗಿದು ಅವಳು ಹೇಳುತ್ತಿದ್ದುದು ಇಷ್ಟೆ: “ಯುದ್ಧದಾಗ ಸತ್ತಿದ್ರ ಒಂದಿನದ ದುಃಖಪಾ. ಸೆರಿಯೊಳಗ ಕುಂತು ದಿನಾ ಸತ್ತಳಲ್ಲ ತಾಯಿ, ಅದನ್ನ ನೆನಸು.”

1965ರ ಮಳೆಗಾಲ ಮುಗಿಯುತ್ತ ಬಂದಿದ್ದಾಗ ನಾನು ಒಂದನೆಯ ಇಯತ್ತೆಯ ಹುಡುಗ. ಓಣಿಯಲ್ಲಿ ರೇಡಿಯೊ ಇದ್ದುದು ಒಂದೇ ಮನೆಯಲ್ಲಿ. ಸಂಜೆಯಾದರೆ ದೊಡ್ಡವರು ಆ ಮನೆಯ ಕಟ್ಟೆಯ ಮೇಲೆ ಕೂಡಿ ಪಾಕಿಸ್ತಾನದೊಡನೆ ನಡೆದಿದ್ದ ಯುದ್ಧದ ವಾರ್ತೆ ಕೇಳುತ್ತಿದ್ದರು. ಅಲ್ಲಿ ಒಂದು ದಿನ, ಜನರಲ್ ಕಾರ್ಯಪ್ಪನವರ ಮಗ ವಿಮಾನದಿಂದ ಬಿದ್ದು ವೈರಿಯ ಕೈಗೆ ಸಿಕ್ಕಿದ್ದಾನೆಂಬ ಮಾತು ಬಂದಿತು. “ಬಿಟ್ಟ ಕಳಸ್ತಾರಂತೇನು?” ಎಂದು ಆಯಿ ಕೇಳಿದಳು. “ಅವರು ಬಿಡತೇನಂದ್ರೂ ಅಪ್ಪನ ಬ್ಯಾಡ ಅಂದಾನಂತ” ಎಂದು ಯಾರೋ ಉತ್ತರಿಸಿದರು. ಆ ಉತ್ತರವನ್ನು ಅಂದೇ ಕೇಳಿದೆನೋ, ಮುಂದೆ ಎಂದೋ ಕೇಳಿದ್ದು ಅಂದಿನ ನೆನಪಿನೊಡನೆ ಬೆರೆತುಹೋಯಿತೋ ಹೇಳಲಾರೆ. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬ್ಯಾಡ ಅನ್ನಾಕ ಅಂವಗ ಎಷ್ಟ ಸಂಕಟ ಆಗಿರಬೇಕ” ಎಂದದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ.

ಕನ್ನಡ ಪಾಠ ಹೇಳುವ ವೃತ್ತಿಯಲ್ಲಿ ಬಾಳನ್ನು ಸವೆಸಿ, ನಿವೃತ್ತನಾಗಿ, ಅರವತ್ತನ್ನು ದಾಟಿದ ಮೇಲೂ ಆಯಿಯ ಈ ಎರಡು ಮಾತುಗಳು ನನ್ನನ್ನು ಬಿಟ್ಟಿಲ್ಲ. ಒಂದು, ಬಿಡುಗಡೆಯನ್ನೇ ಕಾಣದೆ ಕಣ್ಣು ಮುಚ್ಚಿದ ಸೆರೆಯಾಳನ್ನು ಕುರಿತದ್ದು. ಇನ್ನೊಂದು, ಬೇಗ ಬಿಡುಗಡೆ ಬರುತ್ತಿದ್ದರೂ ತಂದೆಯೇ ಅದನ್ನು ಬೇಡವೆಂದ ಸೆರೆಯಾಳನ್ನು ಕುರಿತದ್ದು. ಒಂದು ಬೈಲಹೊಂಗಲದ ಕಥೆ, ಇನ್ನೊಂದು ಕೊಡಗಿನ ಮನೆತನದ ಕಥೆ. ನಡುವೆ ನೂರ ನಲವತ್ತು ವರ್ಷಗಳ ಅಂತರ. ಆದರೆ ಎರಡರ ಹೊಟ್ಟೆಯೊಳಗೂ ಒಂದೇ ಪ್ರಶ್ನೆಯಿದೆ: ಸೆರೆಯಾಳಿನ ಬಿಡುಗಡೆಯೆಂಬುದು ಗೆದ್ದವನ ದಯೆಯೋ, ಸಿಕ್ಕಿದವನ ಹಕ್ಕೋ? ಈ ಪ್ರಶ್ನೆಯನ್ನು ಕುರಿತು ಇಂದು ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ.

ಕೊಡಗಿನ ಕಥೆಯನ್ನು ಮೊದಲು ಹೇಳುತ್ತೇನೆ. ಕೊದಂಡೇರ ಮಾದಪ್ಪ ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತ ಸೇನೆಯ ಮಹಾದಂಡನಾಯಕರಾದವರು; ಆ ಸ್ಥಾನಕ್ಕೇರಿದ ಮೊದಲ ಭಾರತೀಯರು. ಆ ದಿನವನ್ನು ಇಂದಿಗೂ ಸೇನಾ ದಿನವೆಂದು ಆಚರಿಸುತ್ತೇವೆ. 1953ರಲ್ಲಿ ಸೇನೆಯಿಂದ ನಿವೃತ್ತರಾಗಿ, ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳಲ್ಲಿ ದೇಶದ ಪ್ರತಿನಿಧಿಯಾಗಿದ್ದು, ಬಳಿಕ ಮಡಿಕೇರಿಯ ತಮ್ಮ ‘ರೋಶನಾರಾ’ ಮನೆಯಲ್ಲಿ ನೆಲೆಸಿದರು. ಫೀಲ್ಡ್ ಮಾರ್ಷಲ್ ಪದವಿ ಅವರಿಗೆ ಬಂದುದು ಬಹಳ ತಡವಾಗಿ, 1986ರಲ್ಲಿ. ಅವರ ಮಗ ಕೆ. ಸಿ. ಕಾರ್ಯಪ್ಪ, ಮನೆಯವರ ಬಾಯಲ್ಲಿ ನಂದಾ. ತಂದೆ ನೆಲದ ಸೈನಿಕನಾದರೆ ಮಗ ಆಕಾಶವನ್ನು ಆರಿಸಿಕೊಂಡು ವಾಯುಸೇನೆ ಸೇರಿದರು. 1965ರಲ್ಲಿ ಅವರಿಗೆ ಇಪ್ಪತ್ತೇಳರ ಹರೆಯ. ಇಪ್ಪತ್ತನೆಯ ಸ್ಕ್ವಾಡ್ರನ್ನಿನಲ್ಲಿ ಹಂಟರ್ ಯುದ್ಧವಿಮಾನದ ಚಾಲಕರು.

ಹಂಟರ್ ಒಬ್ಬನೇ ಕುಳಿತು ನಡೆಸುವ ಜೆಟ್ ವಿಮಾನ. ಅದರ ಮೂತಿಯ ಕೆಳಗೆ ನಾಲ್ಕು ಫಿರಂಗಿಗಳಿರುತ್ತಿದ್ದವು. ಆ ಯುದ್ಧದಲ್ಲಿ ಭೂಸೇನೆಗೆ ನೆರವಾಗಿ ಶತ್ರುವಿನ ಟ್ಯಾಂಕು, ತೋಪುಗಳ ಮೇಲೆ ಎರಗುವ ಕೆಲಸ ಅದರ ಪಾಲಿಗೆ ಬಂದಿತ್ತು. ನೆಲಕ್ಕೆ ಹತ್ತಿರವಾಗಿ ಹಾರಿ ಹೊಡೆಯುವ ವಿಮಾನ ನೆಲದವರ ಗುಂಡಿಗೂ ಹತ್ತಿರವೇ ಆಗುತ್ತದೆ. ವಿಶ್ವಸಂಸ್ಥೆಯ ಭದ್ರತಾ ಮಂಡಲಿ ಸೆಪ್ಟೆಂಬರ್ 20ರಂದೇ ಕದನವಿರಾಮವಾಗಬೇಕೆಂದು ನಿರ್ಣಯ ಮಾಡಿತ್ತು. 23ರ ನಸುಕಿನ ಮೂರೂವರೆ ಗಂಟೆಗೆ ಎರಡೂ ಕಡೆಯ ತೋಪುಗಳು ಮೌನ ತಾಳುವುದೆಂದು ಗೊತ್ತಾಯಿತು. 22ರಂದು ಇನ್ನೂ ಹೋರಾಟ ನಡೆದಿತ್ತು. ಅಂದು ದಾಳಿಗೆ ಹೊರಟ ನಂದಾ ಕಾರ್ಯಪ್ಪನವರ ವಿಮಾನಕ್ಕೆ ನೆಲದಿಂದ ಹಾರಿದ ಗುಂಡು ತಾಗಿ ಬೆಂಕಿ ಹತ್ತಿಕೊಂಡಿತು. ಇನ್ನೊಂದು ರಾತ್ರಿ ಕಳೆದಿದ್ದರೆ ಯುದ್ಧವೇ ಇರುತ್ತಿರಲಿಲ್ಲ.

ಉರಿಯುವ ವಿಮಾನದಿಂದ ಪಾರಾಗುವ ಬಗೆಯನ್ನು ಒಂದಿಷ್ಟು ತಿಳಿದುಕೊಳ್ಳಬೇಕು. ಜೆಟ್ ವಿಮಾನದ ವೇಗದಲ್ಲಿ ಚಾಲಕ ತಾನಾಗಿ ಎದ್ದು ಹೊರಗೆ ಧುಮುಕಲಾರ. ಆದುದರಿಂದ ಅವನ ಆಸನದ ಕೆಳಗೇ ಸಿಡಿಮದ್ದನ್ನು ಅಳವಡಿಸಿರುತ್ತಾರೆ. ಹಿಡಿಕೆಯನ್ನು ಎಳೆದೊಡನೆ ಅದು ಸಿಡಿದು ಆಸನಸಹಿತ ಅವನನ್ನು ಮೇಲಕ್ಕೆ ಚಿಮ್ಮಿಸುತ್ತದೆ; ಆಮೇಲೆ ಪ್ಯಾರಾಷೂಟು ಬಿಚ್ಚಿಕೊಳ್ಳುತ್ತದೆ. ಕ್ಷಣಮಾತ್ರದ ಆ ನೂಕಿನಲ್ಲಿ ಮೈಭಾರ ಎಷ್ಟೋ ಪಾಲು ಹೆಚ್ಚಿದಂತಾಗಿ ಅದೆಲ್ಲವೂ ಬೆನ್ನೆಲುಬಿನ ಮೇಲೆ ಬೀಳುತ್ತದೆ. ಜೀವ ಉಳಿಸುವ ಉಪಾಯವೇ ಬೆನ್ನನ್ನು ಮುರಿಯಬಲ್ಲದು. ನಂದಾ ಕಾರ್ಯಪ್ಪನವರು ನೆಲ ಮುಟ್ಟಿದಾಗ ಜೀವವಿತ್ತು, ಬೆನ್ನೆಲುಬಿಗೆ ಪೆಟ್ಟಾಗಿತ್ತು. ಓಡುವುದಂತಿರಲಿ, ಏಳುವುದೇ ಕಷ್ಟವಾಗಿದ್ದವರನ್ನು ಪಾಕಿಸ್ತಾನದ ಸೈನಿಕರು ಸೆರೆಹಿಡಿದರು.

ಸೆರೆಸಿಕ್ಕ ಯೋಧ ಹೇಳಬೇಕಾದುದು ತನ್ನ ಹೆಸರು, ಪದವಿ, ಹುಟ್ಟಿದ ದಿನ ಮತ್ತು ಸೇನೆಯ ಸಂಖ್ಯೆ. ಅದಕ್ಕಿಂತ ಹೆಚ್ಚಿನದನ್ನು ಬಲವಂತದಿಂದ ಕೇಳುವಂತಿಲ್ಲವೆಂಬುದು ಅಂತರರಾಷ್ಟ್ರೀಯ ನಿಯಮ. ಆದರೆ ಇಲ್ಲಿ ಹೆಸರೇ ಎಲ್ಲವನ್ನೂ ಹೇಳಿಬಿಟ್ಟಿತು. ದೇಶ ಎರಡಾಗುವ ಮೊದಲು ಕಾರ್ಯಪ್ಪನವರ ಕೈಕೆಳಗೆ ದುಡಿದ ಅಧಿಕಾರಿಗಳು ಪಾಕಿಸ್ತಾನದ ಸೇನೆಯಲ್ಲಿಯೂ ಇದ್ದರು. ಅವರಲ್ಲೊಬ್ಬರು ಆ ದೇಶದ ಅಧ್ಯಕ್ಷರೇ ಆಗಿದ್ದ ಅಯೂಬ್ ಖಾನ್. ಪಾಕಿಸ್ತಾನ ರೇಡಿಯೊ ಈ ಸೆರೆಯ ಸುದ್ದಿಯನ್ನು ಬಿತ್ತರಿಸಿತು. ಅಯೂಬರ ಪತ್ನಿಯೂ ಹಿರಿಯ ಮಗ ಅಖ್ತರ್ ಅಯೂಬರೂ ಆಸ್ಪತ್ರೆಗೆ ಬಂದು ಗಾಯಾಳುವನ್ನು ಕಂಡರು. ಬರುವಾಗ ಸಿಗರೇಟುಗಳ ಒಂದು ಕಟ್ಟನ್ನೂ ಪಿ. ಜಿ. ವುಡ್‌ಹೌಸನ ಒಂದು ಕಾದಂಬರಿಯನ್ನೂ ತಂದರು. ಹಗೆತನ ಉರಿಯುತ್ತಿದ್ದ ದಿನಗಳಲ್ಲಿ ಇದು ಮರೆಯಬಾರದ ಸೌಜನ್ಯವೇ ಸರಿ.

ಸೌಜನ್ಯ ಅಲ್ಲಿಗೇ ನಿಲ್ಲಲಿಲ್ಲ. ಹಳೆಯ ಮೇಲಧಿಕಾರಿಯ ಮಗನನ್ನು ಬಿಟ್ಟುಕಳುಹಿಸಲು ತಾವು ಸಿದ್ಧರೆಂದು ಅಯೂಬರು ಹೇಳಿಕಳುಹಿಸಿದರು. ಕಾರ್ಯಪ್ಪನವರ ಉತ್ತರ ದೇಶವೆಲ್ಲ ಬಲ್ಲ ಮಾತು. ಅದರ ಸಾರ ಇಷ್ಟು: ನಿಮ್ಮ ಸೆರೆಯಲ್ಲಿರುವ ಭಾರತದ ಯೋಧರೆಲ್ಲರೂ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ, ಇವನೊಬ್ಬನಿಗೆ ವಿಶೇಷವಾದ ಉಪಚಾರ ಯಾವುದೂ ಬೇಡ.

ಈ ಪ್ರಸಂಗವನ್ನು ದೇಶಭಕ್ತಿಯ ಕಥೆಯೆಂದು ಹೇಳಿ ಮುಗಿಸುವುದು ನಮ್ಮ ರೂಢಿ. ಆದರೆ ಕಾವ್ಯವನ್ನು ಓದಿದವರಿಗೆ ಇದರಲ್ಲಿ ಇನ್ನೊಂದು ಎಳೆ ಕಾಣುತ್ತದೆ. ಭಾರತದ ಘೋಷಯಾತ್ರೆಯನ್ನು ನೆನೆಯಿರಿ. ಕಾಡಿನಲ್ಲಿದ್ದ ಪಾಂಡವರಿಗೆ ತನ್ನ ವೈಭವವನ್ನು ತೋರಿಸಹೋದ ದುರ್ಯೋಧನ ಗಂಧರ್ವನ ಸೆರೆಯಾಳಾಗುತ್ತಾನೆ. ಹೊರಗಿನವರು ಬಂದರೆ ನಾವು ನೂರೈದು ಮಂದಿ ಎಂದು ಧರ್ಮರಾಯ ಅರ್ಜುನನನ್ನು ಕಳುಹಿಸಿ ಬಿಡಿಸುತ್ತಾನೆ. ಸೆರೆಯ ಅವಮಾನವನ್ನು ನುಂಗಬಹುದಾಗಿದ್ದ ದುರ್ಯೋಧನನಿಗೆ ಆ ಬಿಡುಗಡೆಯ ಅವಮಾನವನ್ನು ನುಂಗಲಾಗುವುದಿಲ್ಲ. ಅನ್ನನೀರು ಬಿಟ್ಟು ಪ್ರಾಯೋಪವೇಶಕ್ಕೆ ಕುಳಿತುಬಿಡುತ್ತಾನೆ. ದಯೆಯಿಂದ ಬಂದ ಬಿಡುಗಡೆ ಒಂದು ಋಣ. ಅದನ್ನು ತೀರಿಸುವ ಹೊತ್ತು ಯಾವಾಗ ಬರುತ್ತದೆಂದು ಪಡೆದವನು ಅರಿಯ.

ಆಸ್ಪತ್ರೆಗೆ ಬಂದ ಆ ಪುಸ್ತಕದ ಕರ್ತೃವೇ ಇದಕ್ಕೆ ನಿದರ್ಶನವೆಂಬುದು ಎಂಥ ವಿಚಿತ್ರ! ನಗೆಗಾರ ವುಡ್‌ಹೌಸ್ 1940ರಲ್ಲಿ ಫ್ರಾನ್ಸಿನಲ್ಲಿದ್ದಾಗ ಜರ್ಮನರ ಕೈಗೆ ಸಿಕ್ಕಿ ಶಿಬಿರವೊಂದರಲ್ಲಿ ಬಂಧಿಯಾಗಿದ್ದ. ಅರವತ್ತು ತುಂಬಿದ ನಾಗರಿಕ ಬಂಧಿಗಳನ್ನು ಬಿಡುವ ಪದ್ಧತಿ ಅಲ್ಲಿತ್ತು. ಅವನಿಗೆ ಅರವತ್ತಾಗಲು ಕೆಲವು ತಿಂಗಳಿರುವಾಗಲೇ, 1941ರ ಜೂನಿನಲ್ಲಿ, ಅವನನ್ನು ಬಿಟ್ಟರು. ಆಮೇಲೆ ಅವನು ಬರ್ಲಿನ್ ರೇಡಿಯೊದಿಂದ ಅಮೆರಿಕದ ಕೇಳುಗರಿಗಾಗಿ ಐದು ಭಾಷಣಗಳನ್ನು ಮಾಡಿದ. ಶಿಬಿರದ ಬಾಳನ್ನು ಕುರಿತ ತಮಾಷೆಯ ಮಾತುಗಳೇ ಹೊರತು ಅವುಗಳಲ್ಲಿ ರಾಜಕೀಯವೇನೂ ಇರಲಿಲ್ಲ. ಆದರೂ ಬಾಂಬುಗಳ ಕೆಳಗೆ ನರಳುತ್ತಿದ್ದ ಇಂಗ್ಲೆಂಡು ಅದನ್ನು ಬೇಗ ಬಂದ ಬಿಡುಗಡೆಗೆ ತೆತ್ತ ಬೆಲೆಯೆಂದೇ ಬಗೆಯಿತು. ಯುದ್ಧ ಮುಗಿದ ಮೇಲೂ ಆತ ತನ್ನ ತಾಯ್ನಾಡಿನಲ್ಲಿ ಬಾಳಲಿಲ್ಲ. ಉಳಿದವರಿಗಿಂತ ಮೊದಲೇ ಬಾಗಿಲು ತೆರೆದಾಗ, ಏಕೆ ತೆರೆಯಿತೆಂದು ಲೋಕ ಕೇಳಿಯೇ ಕೇಳುತ್ತದೆ. ತಮ್ಮ ಮಗನ ವಿಷಯದಲ್ಲಿ ಆ ಪ್ರಶ್ನೆಯೇ ಏಳದಂತೆ ಕಾರ್ಯಪ್ಪನವರು ನೋಡಿಕೊಂಡರು.

ಆದರೆ ನ್ಯಾಯವಾಗಿ ಮಾತಾಡಬೇಕಾದರೆ ಇನ್ನೊಂದು ಪಕ್ಷವನ್ನೂ ಹೇಳಬೇಕು. ಗಾಯಗೊಂಡ ಸೆರೆಯಾಳು ಬೇಗ ಮನೆಗೆ ಮರಳುವುದು ಯಾವಾಗಲೂ ದಯೆಯೇ ಆಗಬೇಕಾಗಿಲ್ಲ. 1949ರ ಆಗಸ್ಟ್ 12ರ ಜಿನೀವಾ ಒಪ್ಪಂದ ಅದನ್ನು ಹಕ್ಕಿನ ಮಟ್ಟಕ್ಕೆ ಏರಿಸಿದೆ. ಭಾರತ ಆ ಒಪ್ಪಂದವನ್ನು 1950ರಲ್ಲಿ, ಪಾಕಿಸ್ತಾನ 1951ರಲ್ಲಿ ಅಂಗೀಕರಿಸಿದವು. ತೀವ್ರವಾಗಿ ಗಾಯಗೊಂಡವರನ್ನೂ ಕಠಿನ ರೋಗಿಗಳನ್ನೂ, ಪ್ರಯಾಣಕ್ಕೆ ಶಕ್ತರಾದೊಡನೆ, ಅವರ ಪದವಿಯನ್ನೂ ಎರಡೂ ಕಡೆಯ ಸೆರೆಯಾಳುಗಳ ಲೆಕ್ಕವನ್ನೂ ನೋಡದೆ ಅವರವರ ದೇಶಕ್ಕೆ ಕಳುಹಿಸಬೇಕೆಂದು ಅದರ 109ನೆಯ ವಿಧಿ ಹೇಳುತ್ತದೆ. ಯಾರು ಅಂಥವರೆಂಬುದನ್ನು ತೀರ್ಮಾನಿಸಲು ವೈದ್ಯರ ಮಂಡಲಿಗಳನ್ನೂ ಒಪ್ಪಂದ ಏರ್ಪಡಿಸುತ್ತದೆ. ಇದು ಬರಿಯ ಕಾಗದದ ಮಾತಲ್ಲ. ಎರಡನೆಯ ಮಹಾಯುದ್ಧದಲ್ಲಿ, 1929ರ ಹಿಂದಿನ ಒಪ್ಪಂದದ ಪ್ರಕಾರ, ಬ್ರಿಟನ್ ಮತ್ತು ಜರ್ಮನಿ 1943ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ಬಂದರಿನಲ್ಲಿ ತಮ್ಮ ತಮ್ಮ ಗಾಯಾಳು ಸೆರೆಯಾಳುಗಳನ್ನು ಅದಲುಬದಲು ಮಾಡಿಕೊಂಡಿದ್ದವು. ಯುದ್ಧ ಮಾತ್ರ ಇನ್ನೂ ಒಂದೂವರೆ ವರ್ಷ ನಡೆಯುವುದಿತ್ತು.

ಹಾಗಾದರೆ ಮಗನ ಹಕ್ಕನ್ನು ತಂದೆ ನಿರಾಕರಿಸಿದರೆ? ಈ ಸಂದೇಹ ನನ್ನನ್ನು ಬಹಳ ದಿನ ಕಾಡಿತು. ಅದೇ 109ನೆಯ ವಿಧಿಯಲ್ಲಿ ಇನ್ನೊಂದು ಸೂಕ್ಷ್ಮವಾದ ಮಾತಿದೆ: ಯುದ್ಧ ನಡೆದಿರುವಾಗ ಗಾಯಾಳುವನ್ನು ಅವನ ಇಚ್ಛೆಗೆ ವಿರುದ್ಧವಾಗಿ ಕಳುಹಿಸಕೂಡದು. ಎಂದರೆ ಕೊನೆಯ ಮಾತು ತಂದೆಯದೂ ಅಲ್ಲ, ಗೆದ್ದವನದೂ ಅಲ್ಲ. ಹಾಸಿಗೆಯ ಮೇಲೆ ಮಲಗಿದವನದು. ಇದನ್ನು ಓದಿದ ಮೇಲೆ ಕಾರ್ಯಪ್ಪನವರ ಉತ್ತರದ ಅರ್ಥ ನನಗೆ ಬೇರೆಯಾಗಿ ತೋರಿತು. ಗಾಯದ ಕಾರಣಕ್ಕೆ ಬಂದ ಬಿಡುಗಡೆಯನ್ನು ಅವರು ಬೇಡವೆನ್ನಲಿಲ್ಲ. ಹೆಸರಿನ ಕಾರಣಕ್ಕೆ ಬಂದುದನ್ನು ಬೇಡವೆಂದರು. ನೋವು ಎಲ್ಲ ಮಕ್ಕಳಿಗೂ ಸಮಾನ. ಹೆಸರು ಎಲ್ಲ ಮಕ್ಕಳಿಗೂ ಇರುವುದಿಲ್ಲ. ಆ ಸೆರೆಯಲ್ಲಿದ್ದ ಇತರ ಯೋಧರ ತಂದೆಯರಲ್ಲಿ ಯಾರ ಕೈಕೆಳಗೂ ಅಯೂಬ್ ಖಾನರು ದುಡಿದಿರಲಿಲ್ಲವಷ್ಟೆ.

ಬಿಡುಗಡೆ ಬಂದಿತು, ದಯೆಯ ದಾರಿಯಿಂದಲ್ಲ, ಒಪ್ಪಂದದ ದಾರಿಯಿಂದ. 1966ರ ಜನವರಿ 10ರಂದು ತಾಷ್ಕೆಂಟಿನಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರೂ ಅಯೂಬ್ ಖಾನರೂ ಸಹಿ ಹಾಕಿದ ಘೋಷಣೆಯ ಏಳನೆಯ ಅಂಶವೇ ಯುದ್ಧ ಕೈದಿಗಳನ್ನು ಮರಳಿಸುವುದು. ಮರುದಿನದ ಬೆಳಗು ಕಾಣುವ ಮೊದಲೇ ಶಾಸ್ತ್ರಿಯವರು ಪರದೇಶದಲ್ಲಿ ತೀರಿಕೊಂಡರು. ಅವರು ಸಹಿ ಹಾಕಿದ ಕಾಗದ ಮಾತ್ರ ಕೆಲಸ ಮಾಡಿತು. ಹನ್ನೆರಡು ದಿನಗಳಲ್ಲಿ, ಜನವರಿ 22ರಂದು, ನಂದಾ ಕಾರ್ಯಪ್ಪನವರು ತಮ್ಮ ಜೊತೆಯ ಯೋಧರೊಂದಿಗೆ ತಾಯ್ನೆಲವನ್ನು ಮೆಟ್ಟಿದರು. ಸೆರೆಸಿಕ್ಕಂದಿನಿಂದ ಸರಿಯಾಗಿ ನಾಲ್ಕು ತಿಂಗಳು. ಇದು ಎಷ್ಟು ಬೇಗ ಬಂದ ಬಿಡುಗಡೆಯೆಂಬುದು ಮುಂದಿನ ಯುದ್ಧದೊಡನೆ ಹೋಲಿಸಿದರೆ ತಿಳಿಯುತ್ತದೆ. 1971ರ ಡಿಸೆಂಬರಿನಲ್ಲಿ ಸೆರೆಸಿಕ್ಕ ನಮ್ಮ ವಾಯುಸೇನೆಯ ಯೋಧರು ವಾಘಾ ಗಡಿಯನ್ನು ದಾಟಿ ಬಂದುದು 1972ರ ಡಿಸೆಂಬರ್ 1ರಂದು. ನಂದಾ ಕಾರ್ಯಪ್ಪನವರು ಗುಣಹೊಂದಿ ಮತ್ತೆ ವಿಮಾನ ಹಾರಿಸಿದರು; ಏರ್ ಮಾರ್ಷಲ್ ಪದವಿಯವರೆಗೆ ಏರಿದರು; ತಂದೆಯ ಜೀವನಚರಿತ್ರೆಯನ್ನು ತಾವೇ ಬರೆದರು. ಬೇಡವೆಂದ ತಂದೆಯ ಮೇಲೆ ಮಗನಿಗೆ ಮುನಿಸಿರಲಿಲ್ಲವೆಂಬುದಕ್ಕೆ ಆ ಪುಸ್ತಕಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇನ್ನು ನಮ್ಮ ಊರಿನ ಕಥೆಗೆ ಬರುತ್ತೇನೆ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ಸೀಮೆಯ ಹಿಂದಿನವರಿಗೆ ಜಿನೀವಾ ಎಂಬ ಹೆಸರೇ ಗೊತ್ತಿರಲಿಲ್ಲ. ಸೆರೆಯೆಂದರೇನೆಂಬುದು ಚೆನ್ನಾಗಿ ಗೊತ್ತಿತ್ತು. ಚೆನ್ನಮ್ಮನ ಪತಿ ಮಲ್ಲಸರ್ಜ ದೇಸಾಯಿಯನ್ನು ಪೇಶ್ವೆ ಎರಡನೆಯ ಬಾಜೀರಾಯ ಪುಣೆಯಲ್ಲಿ ಸೆರೆಯಿಟ್ಟಿದ್ದ. ದೇಹ ಕುಗ್ಗಿ ಹೋದ ಮೇಲೆ ಬಿಟ್ಟುಕಳುಹಿಸಿದ. ಮಲ್ಲಸರ್ಜ ತನ್ನ ರಾಜಧಾನಿಯನ್ನು ಮುಟ್ಟಲಿಲ್ಲ. 1816ರಲ್ಲಿ ಮರಳುವ ದಾರಿಯಲ್ಲಿಯೇ ಪ್ರಾಣಬಿಟ್ಟ. ರೋಗಿಯಾದ ಸೆರೆಯಾಳನ್ನು ಸಾವಿಗೆ ಮುಂಚೆ ಬಿಡಬೇಕೇ ಹೊರತು ಸಾವಿಗಾಗಿ ಬಿಡುವುದಲ್ಲ. ಜಗತ್ತು ಈ ವಿವೇಕವನ್ನು ಕಾನೂನಾಗಿ ಬರೆಯಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ತೀರಿಕೊಂಡನು. ಅವನ ದತ್ತಕವನ್ನು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಮಾನ್ಯಮಾಡದೆ ಸಂಸ್ಥಾನಕ್ಕೇ ಕೈಹಾಕಿದ. ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಬಾಗಿಲಲ್ಲಿ ನಡೆದುದನ್ನು ನೀವೆಲ್ಲರೂ ಬಲ್ಲಿರಿ: ಥ್ಯಾಕರೆ ಸತ್ತ, ಅವನೊಡನೆ ಮೂವರು ಸೇನಾಧಿಕಾರಿಗಳು ಸತ್ತರು. ಆದರೆ ಅವನ ಸಹಾಯಕರಾದ ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಜೀವಂತ ಸೆರೆಸಿಕ್ಕರೆಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಸುಮಾರು ನಲವತ್ತು ದಿನ ಅವರು ಕಿತ್ತೂರಿನ ಕೈಯಲ್ಲಿದ್ದರು. ಡಿಸೆಂಬರಿನ ಮೊದಲಿಗೆ ದಖ್ಖಣದ ಕಮಿಷನರ್ ಚಾಪ್ಲಿನ್ ದೊಡ್ಡ ಸೇನೆಯೊಡನೆ ಬಂದು ಅವರ ಬಿಡುಗಡೆಯನ್ನು ಕೇಳಿದ. ಯುದ್ಧ ನಿಲ್ಲುವುದೆಂಬ ಭರವಸೆಯ ಮೇಲೆ ರಾಣಿ ಅವರಿಬ್ಬರನ್ನೂ ಬಿಟ್ಟಳೆಂದು ನಮ್ಮ ನಾಡು ನಂಬಿಕೊಂಡು ಬಂದಿದೆ. ಅವರು ಸುರಕ್ಷಿತವಾಗಿ ಹೊರಬಂದರು. ಯುದ್ಧ ನಿಲ್ಲಲಿಲ್ಲ. ತೋಪುಗಳು ಗರ್ಜಿಸಿದವು. ಡಿಸೆಂಬರ್ 5ರಂದು ಕಿತ್ತೂರು ಬಿದ್ದಿತು.

ಸೆರೆಹಿಡಿದವಳು ಈಗ ಸೆರೆಯಾಳಾದಳು. ರಾಣಿಯನ್ನು ಬೈಲಹೊಂಗಲದ ಕೋಟೆಯಲ್ಲಿ ಇಟ್ಟರು. 1829ರ ಫೆಬ್ರವರಿಯಲ್ಲಿ ಅಲ್ಲಿಯೇ ಅವಳ ಪ್ರಾಣ ಹೋಯಿತು. ಇಂಗ್ಲಿಷರ ಇಬ್ಬರಿಗೆ ನಲವತ್ತು ದಿನದ ಸೆರೆ. ರಾಣಿಗೆ ನಾಲ್ಕು ವರ್ಷಕ್ಕೂ ಮೇಲ್ಪಟ್ಟದ್ದು, ಅದೂ ಸಾವಿನಲ್ಲಿ ಮುಗಿದದ್ದು. ಯುದ್ಧ ಎಂದೋ ಮುಗಿದಿತ್ತು. ಇಂದಿನ ನಿಯಮದಂತೆ ಯುದ್ಧ ನಿಂತ ಮೇಲೆ ತಡಮಾಡದೆ ಬಿಡಬೇಕು. ಅಂದು ಹಾಗೆಂದು ಕೇಳಲು ಅವಳ ಕೈಯಲ್ಲಿ ಯಾವ ಕಾಗದವೂ ಇರಲಿಲ್ಲ. ತಾನು ತೋರಿದ ಔದಾರ್ಯವೊಂದೇ ಇತ್ತು; ಔದಾರ್ಯವನ್ನು ಸಾಲದಂತೆ ವಸೂಲು ಮಾಡಲಾಗುವುದಿಲ್ಲ.

ಹಾಗಾದರೆ ರಾಣಿ ತಪ್ಪು ಮಾಡಿದಳೆ? ಆ ಇಬ್ಬರನ್ನು ಕೊಲ್ಲಬೇಕಾಗಿತ್ತೆ? ಈ ಪ್ರಶ್ನೆಗೆ ನಮ್ಮ ಸೀಮೆಯಲ್ಲಿಯೇ ಎರಡು ಉತ್ತರಗಳಿವೆ. ಒಂದು ರಾಮದುರ್ಗದ ಕಡೆಗಿದೆ. 1858ರ ಮೇ 29ರ ರಾತ್ರಿ, ಇಂದು ರಾಮದುರ್ಗ ತಾಲೂಕಿಗೆ ಸೇರಿದ ಸುರೇಬಾನದಲ್ಲಿ ಬೀಡುಬಿಟ್ಟಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್ನನನ್ನು ನರಗುಂದದ ಬಾಬಾಸಾಹೇಬನ ಪಡೆ ಕೊಂದಿತು, ಸೆರೆಹಿಡಿಯಲಿಲ್ಲ. ಎರಡೇ ವಾರದಲ್ಲಿ, ಜೂನ್ 12ರಂದು, ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅವನ ಶೌರ್ಯವನ್ನು ನಾನು ಹಗುರಾಗಿ ಎಣಿಸುವವನಲ್ಲ. ಆದರೆ ಆ ರಾತ್ರಿಯಿಂದ ನರಗುಂದ ಉಳಿಯಲಿಲ್ಲ; ಸತ್ತವನಿಂದ ಯಾರಿಗೂ ಒಳಿತಾಗಲೂ ಇಲ್ಲ.

ಇನ್ನೊಂದು ಉತ್ತರ ಸವದತ್ತಿಯ ಕಡೆಗಿದೆ. ಅದು ಕಲ್ಲಿನ ಮೇಲೆ ಬರೆದದ್ದು. ಕಿತ್ತೂರಿನಲ್ಲಿ ಸೆರೆಸಿಕ್ಕಾಗ ವಾಲ್ಟರ್ ಎಲಿಯಟ್‌ಗೆ ಇಪ್ಪತ್ತೊಂದು ವಯಸ್ಸು. ಬಿಡುಗಡೆಯಾದ ಮೇಲೆ ಅವನು ಈ ನಾಡನ್ನು ದ್ವೇಷಿಸಿ ಹೋಗಲಿಲ್ಲ. ಇಲ್ಲಿಯೇ ಇದ್ದು, ಹಳೆಯ ಗುಡಿಗಳ ಮುಂದೆ, ಕೆರೆಯ ಏರಿಯ ಮೇಲೆ ಬಿದ್ದಿದ್ದ ಶಾಸನಗಳನ್ನು ಪ್ರತಿಮಾಡಿಸತೊಡಗಿದ. ಕರ್ನಾಟಕ ದೇಶದ 595 ಶಾಸನಗಳ ಪ್ರತಿಗಳು ಅವನ ಸಂಗ್ರಹದಲ್ಲಿ ಸೇರಿದವು. ಕಲ್ಯಾಣದ ಚಾಲುಕ್ಯರ ಅರಸು ಪರಂಪರೆಯನ್ನು ಶಾಸನಗಳ ಆಧಾರದಿಂದ ಹೊಂದಿಸಿ, 1830ರ ದಶಕದಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದವನು ಅವನೇ. ಸವದತ್ತಿಯ ರಟ್ಟರ ಶಾಸನಗಳನ್ನು ಮುಂದೆ ಸಂಪಾದಿಸಿದ ಫ್ಲೀಟ್ ಕೂಡ ತನ್ನ ಸಂಶೋಧನೆಯಲ್ಲಿ ಎಲಿಯಟ್ಟನ ಆ ಹಸ್ತಪ್ರತಿ ಸಂಗ್ರಹವನ್ನು ಬಳಸಿಕೊಂಡ. ಅಕ್ಷರಗಳು ಸವೆದು, ಕಲ್ಲುಗಳು ಕಾಣೆಯಾಗುವ ಮೊದಲು ಯಾರೋ ಒಬ್ಬರು ಆ ಕೆಲಸ ಮಾಡಬೇಕಾಗಿತ್ತು.

ಕನ್ನಡ ಎಂ.ಎ. ತರಗತಿಯಲ್ಲಿ ಚಾಲುಕ್ಯರ ಇತಿಹಾಸವನ್ನು ಓದುವಾಗ ನಾನು ಎಲಿಯಟ್ ಎಂಬ ಹೆಸರನ್ನು ಅಡಿಟಿಪ್ಪಣಿಯಲ್ಲಿ ಕಂಡಿದ್ದೆ. ಅವನೇ ಕಿತ್ತೂರಿನ ಆ ಸೆರೆಯಾಳೆಂದು ತಿಳಿದುದು ಬಹಳ ವರ್ಷಗಳ ಮೇಲೆ. ತಿಳಿದ ದಿನ ಆಯಿ ಇದ್ದಿದ್ದರೆ ಹೇಳುತ್ತಿದ್ದೆ: ನಿಮ್ಮ ತಾಯಿ ಒಬ್ಬ ಹುಡುಗನ ಕುತ್ತಿಗೆಯನ್ನು ಉಳಿಸಿದಳು, ಅವನು ನಮ್ಮ ಪೂರ್ವಿಕರ ಬರಹವನ್ನು ಉಳಿಸಿದ. ರಾಣಿ ಇದನ್ನು ಎಣಿಸಿ ಬಿಟ್ಟವಳಲ್ಲ, ಎಲಿಯಟ್ ಋಣ ತೀರಿಸಲೆಂದು ಮಾಡಿದವನೂ ಅಲ್ಲ. ಆದರೂ ಲೆಕ್ಕವಿಲ್ಲದೆ ಬಿಟ್ಟ ಜೀವ ಎಲ್ಲಿ ಹೋಗಿ ಯಾವ ಫಲ ಕೊಡುತ್ತದೆಂಬುದನ್ನು ಯಾರು ಬಲ್ಲರು?

ಇಂದಿನ ದಿನಗಳಲ್ಲಿ ಬಿಡುಗಡೆ ಇನ್ನೂ ಬೇಗ ಬರುವುದುಂಟು. 1999ರ ಮೇ 27ರಂದು ಕಾರ್ಗಿಲ್ ಕದನದಲ್ಲಿ ಸೆರೆಸಿಕ್ಕ ವಿಮಾನಚಾಲಕ ನಚಿಕೇತ ಜೂನ್ 3ರಂದು ರೆಡ್ ಕ್ರಾಸ್ ಮೂಲಕ ಬಿಡುಗಡೆಯಾದರು. ಯಮನ ಮನೆಗೆ ಹೋಗಿ ಮರಳಿದ ಉಪನಿಷತ್ತಿನ ಬಾಲಕನ ಹೆಸರೇ ಅವರದೂ ಆಗಿತ್ತೆಂದು ನಾವೆಲ್ಲ ಬೆರಗಾಗಿದ್ದೆವು. 2019ರ ಫೆಬ್ರವರಿ 27ರಂದು ಸೆರೆಸಿಕ್ಕ ಅಭಿನಂದನ್ ಮಾರ್ಚ್ 1ರಂದು ವಾಘಾ ಗಡಿಯನ್ನು ದಾಟಿ ಬಂದರು. ದೇಶ ಹಬ್ಬ ಮಾಡಿತು, ಮಾಡಬೇಕಾದುದೇ. ಆದರೆ 1971ರ ಯುದ್ಧದ ಬಳಿಕ ಮರಳದೆ ಉಳಿದ ಯೋಧರ ಹೆಸರುಗಳ ಪಟ್ಟಿಯೊಂದು ನಮ್ಮ ಸಂಸತ್ತಿನ ಕಡತಗಳಲ್ಲಿದೆ, ಐವತ್ನಾಲ್ಕು ಹೆಸರುಗಳು. ಆ ಯೋಧರು ತಮ್ಮ ಬಳಿ ಇಲ್ಲವೆಂದು ಪಾಕಿಸ್ತಾನ ಹೇಳುತ್ತ ಬಂದಿದೆ. ಮನೆಯವರು ಕಾಯುತ್ತ ಕಾಯುತ್ತ ಮುದುಕರಾದರು. ಎಷ್ಟೋ ಮಂದಿ ಕಾಯುತ್ತಲೇ ಹೋದರು. ಹೆಸರುಳ್ಳವರು ಬೇಗ ಬರುವುದು, ಹೆಸರಿಲ್ಲದವರು ಕಡತದಲ್ಲಿ ಉಳಿಯುವುದು ಯಾವ ಕಾಲಕ್ಕೂ ನ್ಯಾಯವಲ್ಲ. ಕಾರ್ಯಪ್ಪನವರು ಬೇಡವೆಂದುದು ಇದನ್ನೇ ಎಂದು ನಾನು ತಿಳಿದಿದ್ದೇನೆ.

ಈಗಲೂ ಆಗಾಗ ಸಮಾಧಿಯ ಕಡೆಗೆ ಹೋಗುತ್ತೇನೆ. ಈಗ ನನ್ನ ಬೆರಳು ಹಿಡಿದು ಬರುವವಳು ಮೊಮ್ಮಗಳು. ಕತ್ತಿ ಕುದುರೆಗಳ ಕಥೆ ಅವಳಿಗೆ ಶಾಲೆಯಲ್ಲಿಯೇ ಬಂದಿದೆ. ಮೊನ್ನೆ ಕೇಳಿದಳು: “ಅಜ್ಜಾ, ರಾಣಿನ್ನ ಯಾರೂ ಯಾಕ ಬಿಡಿಸಲಿಲ್ಲ?” ಬಿಡಿಸಲು ಸಂಗೊಳ್ಳಿ ರಾಯಣ್ಣನಂಥವರು ಹೋರಾಡಿದರು ಎಂದೆ, ಅದು ಪೂರ್ತಿ ಉತ್ತರವಲ್ಲವೆಂದು ನನಗೇ ತಿಳಿದಿತ್ತು. ಅವಳನ್ನು ಬಿಡಬೇಕೆಂದು ಹೇಳುವ ನಿಯಮ ಆಗ ಹುಟ್ಟಿರಲಿಲ್ಲ ಮಗಳೇ. ಅವಳಂಥವರು ಸತ್ತ ಮೇಲೆ ಹುಟ್ಟಿತು ಎನ್ನಬೇಕಾಗಿತ್ತು. ಅವಳು ಇನ್ನೊಂದಿಷ್ಟು ದೊಡ್ಡವಳಾದ ಮೇಲೆ ಹೇಳುತ್ತೇನೆ. ಅಂದು ಇಬ್ಬರೂ ಕೈಮುಗಿದು, ಬಿಸಿಲೇರುವ ಮೊದಲು ಮನೆಯ ಕಡೆಗೆ ನಡೆದೆವು.